ಕೊನೆಯ ದಿನ ಬಾರದ ಹುಡುಗಿಯ ಗೆಜ್ಜೆ

ಶಾಲೆಯ ಕೊನೆಯ ದಿನಕ್ಕೆ ಮಕ್ಕಳನ್ನು ಕಳಿಸಬೇಕೋ ಬೇಡವೋ ಎಂಬ ತಕರಾರು ಶಿವಮೊಗ್ಗದ ರಾಗಿಗುಡ್ಡದ ಬುಡದಲ್ಲಿರುವ ಆ ಶಾಲೆಯ ಗೇಟಿನ ಮುಂದೆ ವರ್ಷಕ್ಕೊಮ್ಮೆ ತಪ್ಪದೆ ಏಳುತ್ತಿತ್ತು. ಏಪ್ರಿಲ್ ತಿಂಗಳ ಮೊದಲ ವಾರ. ಪರೀಕ್ಷೆ ಮುಗಿದಿರುತ್ತದೆ, ಫಲಿತಾಂಶ ಓದಿ ಹೇಳುವ ಹತ್ತನೇ ತಾರೀಖು ಇನ್ನೂ ಬಂದಿರುವುದಿಲ್ಲ. ಸ್ಕೂಟಿಯಿಂದ ಇಳಿಯದೆ ಕಾಲೂರಿಕೊಂಡೇ ಮಾತಾಡುವ ತಾಯಂದಿರು, "ಪಾಠ ಇಲ್ಲ ಗೀಠ ಇಲ್ಲ, ಈ ಉರಿಬಿಸ್ಲಲ್ಲಿ ಯಾಕ್ರೀ ಕಳಿಸ್ಬೇಕು? ಪಾಸು ಅಂತ ವಾಟ್ಸಾಪಲ್ಲೇ ಹಾಕ್ತಾರೆ" ಎನ್ನುವರು. ವಾಚ್‌ಮನ್ ಭೈರಪ್ಪನದೂ ಅದೇ ಪಕ್ಷ. ಕೊನೆಯ ದಿನ ಬಂದ ಮಕ್ಕಳು ಒಬ್ಬರ ಬೆನ್ನಿಗೊಬ್ಬರು ಇಂಕು ಎರಚಾಡಿ ಗೋಡೆಯನ್ನೂ ಹೊಲಸು ಮಾಡಿ ಹೋಗುತ್ತಾರೆ, ಉಜ್ಜಿ ತೊಳೆಯುವ ಕರ್ಮ ತನ್ನದು ಎಂಬುದು ಅವನ ಸಂಕಟ.

ಕಳಿಸಲೇಬೇಕು ಎಂದು ಹಟ ಹಿಡಿಯುತ್ತಿದ್ದವಳು ಒಬ್ಬಳೇ ಒಬ್ಬಳು. ಅವಳು ಟೀಚರೂ ಅಲ್ಲ, ಯಾರ ತಾಯಿಯೂ ಅಲ್ಲ. ಗೇಟಿನ ಎಡಕ್ಕೆ, ಟ್ರಾನ್ಸ್‌ಫಾರ್ಮರ್ ಕಂಬದಿಂದ ಎರಡು ಮಾರು ಈಚೆಗೆ ಗೋಣಿಚೀಲ ಹಾಸಿಕೊಂಡು ಮಾವಿನಕಾಯಿ ಹೋಳು ಮಾರುವ ವೀರಮ್ಮ.

"ಕಳಿಸ್ರಮ್ಮ ತಾಯಿ, ಒಂದಿನಕ್ಕೆ ಏನ್ ಕರಗಿ ಹೋಗ್ತಾವಾ ನಿಮ್ಮಕ್ಳು? ಬೆಣ್ಣೆಮುದ್ದೆನಾ?" ಎಂದು ಅವಳು ಕೂತಲ್ಲಿಂದಲೇ ಕೂಗುತ್ತಿದ್ದಳು.

"ನಿಂಗೇನಜ್ಜಿ, ನಿಂಗೆ ವ್ಯಾಪಾರ ಆಗ್ಬೇಕು" ಎಂದು ಅವರು ನಗುತ್ತಿದ್ದರು.

ವ್ಯಾಪಾರದ ಮಾತಲ್ಲ ಅದು. ಆದರೆ ಅದನ್ನು ಬಿಡಿಸಿ ಹೇಳುವ ಜಾಯಮಾನ ವೀರಮ್ಮನದಲ್ಲ.

ಇಪ್ಪತ್ತೆರಡು ವರ್ಷದಿಂದ ಅವಳು ಆ ಜಾಗ ಬಿಟ್ಟು ಕದಲಿದವಳಲ್ಲ. ಮಳೆಗಾಲ ಹಿಡಿಯುವಾಗ ನೇರಳೆ, ಚಳಿಗೆ ಸೀಬೆ ಮತ್ತು ನೆಲ್ಲಿ, ಶಿವರಾತ್ರಿ ಕಳೆದರೆ ಮಾವಿನಕಾಯಿ. ಹಾರ್ಲಿಕ್ಸ್ ಬಾಟಲಿಯಲ್ಲಿ ಉಪ್ಪುಖಾರ. ಮಕ್ಕಳ ಬಾಯಲ್ಲಿ ಅವಳು ಮಾವಿನಕಾಯಿ ಅಜ್ಜಿ. ಎಳೆಯವರಾಗಿ ಬಂದು ಮೀಸೆ ಚಿಗುರಿಸಿಕೊಂಡು ಹೋದವರಿಗೂ ಅವಳಿಗೊಂದು ಹೆಸರಿದೆಯೆಂಬುದು ಹೊಳೆದಿರಲಿಲ್ಲ. ಅವಳೂ ಅವರ ಹೆಸರು ಕೇಳಿದವಳಲ್ಲ. ತಿನ್ನುವ ಚಪಲದ ಮೇಲೆಯೇ ಅವಳಿಗೆ ಮಕ್ಕಳ ಗುರುತು. ಒಬ್ಬ ಬರೀ ಉಪ್ಪು, ಒಬ್ಬಳು ಕಣ್ಣಲ್ಲಿ ನೀರು ಬರುವಷ್ಟು ಖಾರ. ಹೋಳೆಲ್ಲ ಬೇರೆಯವರಿಗೆ ಕೊಟ್ಟು ನಡುವಿನ ಗೊರಟೆಯನ್ನೇ ಬೇಡಿ ಚೀಪುವವಳು ಇನ್ನೊಬ್ಬಳು.

ಅವಳ ಪಕ್ಕದಲ್ಲಿ ಮಾವಿನಕಾಯಿ ಬುಟ್ಟಿಯ ಜೊತೆಗೆ ಒಂದು ಹಳೆಯ ಬಿಸ್ಕತ್ತಿನ ತಗಡಿನ ಡಬ್ಬ ಇರುತ್ತಿತ್ತು. ಆ ಡಬ್ಬದ ಕಥೆಯನ್ನು ಹೇಳದೆ ವೀರಮ್ಮನ ಕಥೆ ಹೇಳಲಾಗದು. ಶಾಲೆಯೊಳಗೆ ಬಳೆ ಕೂಡದು, ಬಣ್ಣದ ಟೇಪು ಕೂಡದು, ಬುಗುರಿ ಗೋಲಿ ಕಂಡರೆ ಕಿತ್ತುಕೊಂಡು ಬೀರುವಿಗೆ ಎಸೆಯುತ್ತಾರೆ. ಹೀಗಾಗಿ ಗೇಟಿನ ಹತ್ತಿರ ಬಂದಾಗ ನೆನಪಾಗುವ ಕೂಡದ ಸಾಮಾನೆಲ್ಲ ಅವಳ ಡಬ್ಬ ಸೇರುತ್ತಿತ್ತು. ಒಮ್ಮೆ ಬೆಂಕಿಪೊಟ್ಟಣದಲ್ಲಿ ಬದುಕಿದ್ದ ಜೀರುಂಡೆಯನ್ನೂ ಒಬ್ಬ ಇಟ್ಟು ಹೋಗಿದ್ದ, ಅದು ಪಾಠ ಮುಗಿಯುವವರೆಗೂ ಒಳಗೇ ಕೊರೆಯುತ್ತಿತ್ತು.

ಬೆಳಿಗ್ಗೆ ಇಟ್ಟಿದ್ದನ್ನು ಸಂಜೆ ಒಯ್ಯಬೇಕು. ಅವಳ ಕಾನೂನು ಅಷ್ಟೇ. "ನಿಮ್ ಸಾಮಾನು ನನ್ನ ಮನೇಲಿ ರಾತ್ರಿ ಮಲಗಂಗಿಲ್ಲ" ಎಂದು ಗದರುತ್ತಿದ್ದಳು. ಮರೆತು ಹೋದವರದನ್ನು ಮರುದಿನ ಬೆಳಿಗ್ಗೆ ಕಾದು ನಿಂತು, ಕೈಹಿಡಿದೆಳೆದು ಕೊಡುತ್ತಿದ್ದಳು. ವರ್ಷದ ಕೊನೆಯ ದಿನ ಡಬ್ಬವನ್ನು ಬೋರಲು ಹಾಕಿ ತಳ ಬಡಿದು, "ನೋಡೋ ಭೈರಪ್ಪ, ಕಣ್ಬಿಟ್ಟು ನೋಡು, ಖಾಲಿ" ಎಂದು ತೋರಿಸಿದ ಮೇಲೆಯೇ ಗೋಣಿಚೀಲ ಮಡಚುವುದು. ಮಕ್ಕಳು ಕೊನೆಯ ದಿನ ಬರಬೇಕೆಂಬ ಹಟ ಇದಕ್ಕೇ.

ಇಷ್ಟು ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. ಲಾರಿ ಸ್ಟ್ಯಾಂಡಿನಲ್ಲಿ ಮೂಟೆ ಹೊರುತ್ತಿದ್ದ ಗಂಡ ತೀರಿಕೊಂಡ ಹೊಸತರಲ್ಲಿ ವೀರಮ್ಮ ದೊಡ್ಡವರೊಬ್ಬರ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಒಂದು ದಿನ ಆ ಮನೆಯ ಸೊಸೆಯ ಉಂಗುರ ಕಾಣದಾಯಿತು. ಯಾರೂ ಅವಳ ಹೆಸರೆತ್ತಲಿಲ್ಲ. ಎತ್ತಿದ್ದರೆ ಬಾಯಿಬಿಟ್ಟು ಜಗಳವಾದರೂ ಆಡಬಹುದಿತ್ತು. ಮನೆಯವರೆಲ್ಲ ಸುಮ್ಮನೆ ಅವಳನ್ನೇ ನೋಡುತ್ತ ನಿಂತರು. ಅವಳು ಹಿತ್ತಲಿನಲ್ಲಿ ನಿಂತು ಸೆರಗು ಬಿಚ್ಚಿ ಕೊಡವಿದಳು, ಸಂಚಿ ಬಿಚ್ಚಿ ಎಲೆ ಅಡಿಕೆ ಸುಣ್ಣದ ಕಾಯಿ ಎಲ್ಲವನ್ನೂ ಕಲ್ಲಿನ ಮೇಲೆ ಸುರಿದಳು. ನಾಲ್ಕು ದಿನಕ್ಕೆ ಉಂಗುರ ಹಿಟ್ಟಿನ ಡಬ್ಬದಲ್ಲಿ ಸಿಕ್ಕಿತು. ಬಾ ಎಂದು ಹೇಳಿ ಕಳಿಸಿದರು. ವೀರಮ್ಮ ಮತ್ತೆ ಆ ಬೀದಿ ಹಾಯಲಿಲ್ಲ. ಅವಳು ಬುಟ್ಟಿ ಹೊತ್ತು ಈ ಗೇಟಿಗೆ ಬಂದು ಕೂತದ್ದು ಹಾಗೆ.

ಈ ವರ್ಷದ ಕೊನೆಯ ದಿನ ಅವಳಿಗೆ ಎಂದಿನ ಕೊನೆಯ ದಿನವಾಗಿರಲಿಲ್ಲ. ಹೊಳೆಹೊನ್ನೂರಿನಲ್ಲಿರುವ ತಂಗಿಯ ಮಗಳು ಜಯಶೀಲಾ ಎರಡು ವರ್ಷದಿಂದ ಜೀವ ತಿನ್ನುತ್ತಿದ್ದಳು. "ದೊಡ್ಡಮ್ಮ, ಮೂಲೆಮನೆ ಖಾಲಿ ಇದೆ. ನಿನ್ನ ಮಂಡಿನೋವಿಗೆ ಎಣ್ಣೆ ತಿಕ್ಕೋಕೆ ನಾನಿದೀನಿ. ಆ ಕಂಬಕ್ಕೂ ನಿನಗೂ ಏನ್ ಮದುವೆ ಆಗಿದೆಯಾ?" ಈ ಸಲ ವೀರಮ್ಮ ಹೂಂ ಎಂದಿದ್ದಳು. ಒಬ್ಬಳೇ ಅನ್ನಕ್ಕಿಟ್ಟು, ಒಬ್ಬಳೇ ಉಂಡು, ಒಂದೇ ತಟ್ಟೆ ತೊಳೆದು ಬೋರಲು ಹಾಕುವುದು ಬೇಸರ ಹಿಡಿಸಿತ್ತು. ಜ್ವರ ಬಂದು ಮೂರು ದಿನ ಮಲಗಿದ್ದಾಗ ನೀರು ಬೇಕೆಂದು ಗೋಡೆಗೆ ಹೇಳಿಕೊಂಡಿದ್ದಳು. ಹತ್ತನೇ ತಾರೀಖು ಡಬ್ಬ ಖಾಲಿ ಮಾಡುವುದು, ಕೋಣೆಯ ಬೀಗದ ಕೈ ಮಾಲೀಕರಿಗೆ ಒಪ್ಪಿಸುವುದು, ಸೋಮವಾರ ಹೊಳೆಹೊನ್ನೂರಿನ ಬಸ್ಸು ಹತ್ತುವುದು ಎಂದು ಗೊತ್ತಾಗಿತ್ತು.

ಹತ್ತನೇ ತಾರೀಖು ಬಂತು. ಮುನ್ನೂರು ಮಕ್ಕಳ ಶಾಲೆಗೆ ಎಪ್ಪತ್ತು ಬಂದಿದ್ದರೆ ಹೆಚ್ಚು. ಬಂದವರು ಹನ್ನೊಂದು ಗಂಟೆಗೆಲ್ಲ ಫಲಿತಾಂಶ ಕೇಳಿಕೊಂಡು ನೀಲಿ ಬೆನ್ನು ಹೊತ್ತು ಹೊರಗೆ ನುಗ್ಗಿದರು. ವೀರಮ್ಮ ಒಬ್ಬೊಬ್ಬರನ್ನೇ ಹಿಡಿದು ನಿಲ್ಲಿಸಿ ಬುಗುರಿ ಕೊಟ್ಟಳು, ಬಳೆ ಕೊಟ್ಟಳು, ಕೈಗಡಿಯಾರ ಕೊಟ್ಟಳು. ಡಬ್ಬದ ತಳದಲ್ಲಿ ಒಂದೇ ಒಂದು ಪೊಟ್ಟಣ ಉಳಿಯಿತು. ಗೊರಟೆ ಹುಡುಗಿಯದು.

ಅದರೊಳಗೆ ಒಂದು ಜೊತೆ ಬೆಳ್ಳಿಯ ಕಾಲ್ಗೆಜ್ಜೆ ಇತ್ತು. ಆರನೇ ಕ್ಲಾಸಿನ ಆ ಹುಡುಗಿಯ ಕಾಲಿಗೆ ಅವು ಆಗುವಂಥವಲ್ಲ, ದೊಡ್ಡವರ ಅಳತೆಯವು. ಎರಡು ವರ್ಷದ ಹಿಂದೆ ತಾಯಿ ತೀರಿಕೊಂಡ ಮೇಲೆ ಹುಡುಗಿ ಅವನ್ನು ಜಾಮಿಟ್ರಿ ಬಾಕ್ಸಿನಲ್ಲಿಟ್ಟು ದಿನವೂ ತರುತ್ತಿದ್ದಳು. ಕ್ಲಾಸಿನಲ್ಲಿ ಝಲ್ ಎಂದು ಸದ್ದಾಗಿ ಟೀಚರು ಬೈದಾಗ ಅಜ್ಜಿಯ ಡಬ್ಬ ಹಿಡಿದಳು. ಬೆಳಿಗ್ಗೆ ಇಡುವುದು, ಸಂಜೆ ಎಣಿಸಿದಂತೆ ಒಂದೊಂದೇ ಗೆಜ್ಜೆ ಮುಟ್ಟಿ ನೋಡಿ ತೆಗೆದುಕೊಂಡು ಹೋಗುವುದು. ಆದರೆ ಕೊನೆಯ ಪರೀಕ್ಷೆಯ ದಿನ ಅಪ್ಪನ ಬೈಕು ಹತ್ತಿ ಹೊರಟುಹೋದಳು. ತಿರುಗಿಯೂ ನೋಡಲಿಲ್ಲ. ಮರೆತಳೆಂದುಕೊಂಡ ವೀರಮ್ಮ, ಹತ್ತನೇ ತಾರೀಖು ಬರುತ್ತಾಳಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದಳು. ಆ ಆರು ರಾತ್ರಿ ಗೆಜ್ಜೆಯ ಪೊಟ್ಟಣ ಅವಳ ತಲೆದಿಂಬಿನ ಅಡಿಯಲ್ಲಿ ಮಲಗಿತ್ತು. ಅವಳು ಮಲಗಿದ್ದು ಕಡಿಮೆ.

ಗೇಟು ಮುಚ್ಚುವ ಹೊತ್ತಾಯಿತು. ಭೈರಪ್ಪ ಬಕೆಟ್ಟು ಪೊರಕೆ ಹಿಡಿದು ಬಂದ.

"ಏನಜ್ಜಿ, ಬೋರಲು ಹಾಕ್ಲಿಲ್ವಾ ಇನ್ನೂ?"

"ಒಂದು ಉಳೀತು ಕಣೋ."

"ಆಫೀಸಲ್ಲಿ ಕೊಟ್ಬಿಡು. ಅವ್ರು ಅವರಪ್ಪನ್ನ ಕರೆಸಿ ಕೊಡ್ತಾರೆ."

"ಕರೆಸಿ, ನಾಲ್ಕು ಜನದ ಮುಂದೆ ಆ ಮಗೂಗೆ ಬೈಸೋಕಾ? ನನ್ನ ಕೈಗೆ ಕೊಟ್ಟಿದ್ದು, ನನ್ನ ಕೈಯಿಂದ್ಲೇ ಹೋಗ್ಬೇಕು. ಅದರ ಮನೆ ಎಲ್ಲಿ ಹೇಳು."

ಭೈರಪ್ಪ ತಲೆ ಕೆರೆದುಕೊಂಡ. "ಶಾಂಭವಿ ಅಲ್ವಾ ಅದು? ಅವರಪ್ಪ ರುದ್ರೇಶ ಅಂತ, ಇಲ್ಲೇ ಹಾರ್ಡ್‌ವೇರ್ ಅಂಗಡೀಲಿ ಕೆಲಸ. ಮನೆ ಭದ್ರಾವತಿ. ಜನ್ನಾಪುರದಲ್ಲಿ ಕೆರೆ ಕಡೆ ಎಲ್ಲೋ. ಹೋಗ್ತೀಯಾ? ಈ ಮಂಡಿ ಇಟ್ಕೊಂಡು? ನಿಂಗೆಲ್ಲೋ ತಲೆ ಕೆಟ್ಟಿದೆ ಮಾರಾಯ್ತಿ."

ಆ ಹುಡುಗಿಗೆ ಶಾಂಭವಿ ಎಂಬ ಹೆಸರಿದೆಯೆಂದು ವೀರಮ್ಮನಿಗೆ ಗೊತ್ತಾದದ್ದು ಆಗಲೇ. ಬುಟ್ಟಿ ಡಬ್ಬಗಳನ್ನು ಭೈರಪ್ಪನ ಸ್ಟೂಲಿನಡಿಗೆ ತಳ್ಳಿ, ಉಳಿದ ಎರಡು ಮಾವಿನಕಾಯಿಯನ್ನು ಕೈಚೀಲಕ್ಕೆ ಹಾಕಿಕೊಂಡು ಅವಳು ಹೊರಟೇಬಿಟ್ಟಳು.

ಬಸ್ಸಿನಲ್ಲಿ ಕಂಡಕ್ಟರ್ ಆಧಾರ್ ಕಾರ್ಡು ಕೇಳಿ, "ವೀರಮ್ಮ, ಒಳಗ್ ಹೋಗಮ್ಮ, ಸೀಟಿದೆ" ಎಂದ. ಅವಳ ಹೆಸರನ್ನು ಬಾಯಿಬಿಟ್ಟು ಓದುವವರು ಈಚೀಚೆಗೆ ಕಂಡಕ್ಟರುಗಳು ಮಾತ್ರ. ಕಿಟಕಿಯ ಪಕ್ಕ ಕೂತು ಪೊಟ್ಟಣ ಬಿಚ್ಚಿದಳು. ಇಷ್ಟು ದಿನ ಬಿಚ್ಚಿರಲಿಲ್ಲ. ಬೆಳ್ಳಿ ಕಪ್ಪಿಟ್ಟಿತ್ತು. ಒಂದು ಗೆಜ್ಜೆಯಲ್ಲಿ ಕೊಂಡಿ ಕಿತ್ತುಹೋದ ಕಡೆ ಯಾರೋ ಕೆಂಪು ದಾರವನ್ನು ಬಿಗಿಯಾಗಿ ಸುತ್ತಿ, ಹಲ್ಲಿನಿಂದ ಕಚ್ಚಿ ತುಂಡು ಮಾಡಿದ್ದರು. ಕೊಡುವಾಗ ಹರಕು ಪೇಪರಿನಲ್ಲಿ ಕೊಡುವುದು ಚೆನ್ನಲ್ಲವೆಂದು ಪೇಪರನ್ನು ಎಸೆದು, ಗೆಜ್ಜೆಯನ್ನು ಸಂಚಿಯೊಳಗೆ ಇಳಿಬಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಈಗ ಮನಸ್ಸು ಹಗುರಾಗಿತ್ತು. ಇದೊಂದು ಕೊಟ್ಟು ಬಂದರೆ ಇಪ್ಪತ್ತೆರಡು ವರ್ಷದ ಬಾಳು ಚೊಕ್ಕಟವಾಗಿ ಮುಗಿದಂತೆ.

ಜನ್ನಾಪುರದಲ್ಲಿ ಇಳಿದು ಕೇಳುತ್ತ ಹೋದಳು. ಹೂ ಕಟ್ಟುತ್ತಿದ್ದ ತಮಿಳಿನ ಹೆಂಗಸೊಬ್ಬಳು ತನ್ನ ಕನ್ನಡದಲ್ಲಿ, "ರುದ್ರೇಶ್ ಮನೆಯಾ? ಪಾಪು ಬಂದಿದೆಯಲ್ಲ, ಆ ಮನೆ. ನೀಲಿ ಗೇಟು, ಪೋಮ್ಮ" ಎಂದು ಕೈ ತೋರಿಸಿದಳು.

ನೀಲಿ ಗೇಟಿನ ಮನೆಯ ಬಾಗಿಲು ತೆರೆದೇ ಇತ್ತು. ನಡುಮನೆಯಲ್ಲಿ ಸೀರೆಯ ಜೋಲಿ, ಅದರಲ್ಲಿ ಮಗು. ತೂಗುತ್ತಿದ್ದವಳು ಇಪ್ಪತ್ತೈದು ದಾಟದ ಬಾಣಂತಿ, ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು. ರುದ್ರೇಶನ ಎರಡನೆಯ ಹೆಂಡತಿ ವಾಣಿ.

"ಯಾರಮ್ಮ?" ಎಂದಳು.

"ಶಾಂಭವಿ ಶಾಲೆ ಕಡೆಯೋಳು ಕಣವ್ವ. ಇವತ್ತು ಕೊನೇ ದಿನ, ಮಗು ಬರ್ಲಿಲ್ಲವಲ್ಲ ಅಂತ..."

"ಅಯ್ಯೋ, ಬಿಸ್ಲಲ್ಲಿ ಬಂದಿದೀರಲ್ಲ, ಕೂತ್ಕೊಳ್ಳಿ. ಶಾಂಭು, ಮಜ್ಜಿಗೆ ತಾರೇ. ನಾನೂ ಇವರೂ ಹೋಗು ಹೋಗು ಅಂತ ಬಡ್ಕೊಂಡ್ವಿ ಕಣಮ್ಮ. ಹೊಟ್ಟೆನೋವು ಅಂತ ಮುಸುಕು ಹಾಕ್ಕೊಂಡ್ಬಿಟ್ಲು. ಇನ್ನು ಆ ಶಾಲೆ ಮುಖ ಮತ್ತೆ ನೋಡೋದಿಲ್ಲ ನೋಡಿ. ಮುಂದಿನ ವರ್ಷ ಇಲ್ಲೇ ಸೇರಿಸ್ತಾರಂತೆ ಇವ್ರು. ದಿನಾ ಬೈಕಲ್ಲಿ ಅಷ್ಟು ದೂರ ಯಾಕೆ ಅಂತ."

ಅಡುಗೆಮನೆಯ ಬಾಗಿಲಲ್ಲಿ ಶಾಂಭವಿ ಲೋಟ ಹಿಡಿದು ನಿಂತಳು. ಅಜ್ಜಿಯನ್ನು ನೋಡಿದ್ದೇ ಅವಳ ಮುಖದ ಬಣ್ಣ ಇಳಿದುಹೋಯಿತು. ಚಾಪೆಯ ಮೇಲೆ ಕೂತಿದ್ದ ವೀರಮ್ಮ ನಗುತ್ತ ಸೊಂಟದ ಸಂಚಿಗೆ ಕೈಹಾಕಿದಳು. ಹುಡುಗಿ ತಲೆಯಾಡಿಸಿದಳು. ಬೇಡ. ಲೋಟದಲ್ಲಿದ್ದ ಮಜ್ಜಿಗೆ ತುಳುಕಿ ನೆಲಕ್ಕೆ ಬಿತ್ತು.

"ನೋಡಿದ್ರಾ, ಹೀಗೇ ಆಗಿದಾಳೆ, ಕೈಯಲ್ಲಿ ಏನೂ ನಿಲ್ಲಲ್ಲ" ಎಂದಳು ವಾಣಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಇವಳಮ್ಮನ ಗೆಜ್ಜೆ ಇತ್ತು ಕಣಮ್ಮ, ಶಾಲೆಗೆ ಒಯ್ದು ಕಳ್ಕೊಂಡು ಬಂದಿದಾಳೆ. ಬರೋ ಸೋಮವಾರ ಪಾಪುನ ತೊಟ್ಟಿಲಿಗೆ ಹಾಕ್ತೀವಿ. ಆ ಹಳೇ ಬೆಳ್ಳಿ ಕರಗಿಸಿ ಪಾಪುಗೊಂದು ಜೊತೆ, ಇವಳಿಗೊಂದು ಜೊತೆ ಹೊಸದು ಮಾಡಿಸೋಣ ಅಂತ ನಾನೇ ಹೇಳಿದ್ದೆ. ಕಿತ್ತುಹೋಗಿದ್ದು, ಇಟ್ಕೊಂಡು ಏನ್ಮಾಡೋದು? ಕೇಳಿದ ದಿನವೇ ಕಳೆದೋಯ್ತು ಅಂತ ಅತ್ತು ಕರೆದು ರಂಪ. ಇವರಪ್ಪ ಅಂತೂ ಹಾರಾಡ್ತಿದ್ರು. ಗೇಟಲ್ಲಿ ಮಾವಿನಕಾಯಿ ಮಾರೋ ಮುದುಕಿ ಹತ್ರ ಯಾವಾಗ್ಲೂ ನಿಂತಿರ್ತಾಳೆ, ಅವಳೇ ಹೊಡ್ಕೊಂಡಿರ್ತಾಳೆ, ಹೋಗಿ ಕೇಳ್ತೀನಿ ಅಂತ."

ಜೋಲಿ ಎರಡು ಸಲ ಆ ಕಡೆ ಈ ಕಡೆ ಆಡಿತು.

"ನೀವು ಶಾಲೇಲಿ ಏನ್ ಕೆಲಸ ಮಾಡ್ತೀರಮ್ಮ?" ಎಂದು ವಾಣಿ ಕೇಳಿದಳು.

ಆಯಾ ಎಂದರೆ ಮುಗಿಯುತ್ತಿತ್ತು. ಆದರೆ ವೀರಮ್ಮನ ಕತ್ತು ತಾನಾಗಿ ನೆಟ್ಟಗಾಯಿತು. "ನಾನೇ ಆ ಮುದುಕಿ" ಎಂದಳು.

ವಾಣಿ ಜೋಲಿಯ ಹಗ್ಗ ಬಿಟ್ಟು ಎದ್ದೇ ನಿಂತಳು. "ಅಯ್ಯೋ ಶಿವನೇ. ಅಮ್ಮ, ನಾನು ಹಾಗಲ್ಲ... ಇವ್ರು ಅಂದಿದ್ದು ಹೇಳ್ದೆ ಅಷ್ಟೆ. ತಪ್ಪು ತಿಳ್ಕೋಬೇಡಿ."

ವೀರಮ್ಮ ಏಳಲಿಲ್ಲ. ಏಳುವಂತಿರಲಿಲ್ಲ. ಎದ್ದರೆ ಸಂಚಿಯೊಳಗಿನ ಗೆಜ್ಜೆ ಸದ್ದು ಮಾಡುತ್ತದೆ. ಪೇಪರು ಎಸೆದದ್ದಕ್ಕೆ ತನ್ನನ್ನೇ ಶಪಿಸಿಕೊಂಡಳು. ಆವತ್ತು ಆ ದೊಡ್ಡವರ ಹಿತ್ತಲಲ್ಲಿ ಕೊಡವಿ ತೋರಿಸಲು ಸೆರಗಿತ್ತು, ಸುರಿದು ತೋರಿಸಲು ಸಂಚಿಯಿತ್ತು. ಇವತ್ತೂ ಅದೇ ಸಂಚಿ. ಈಗ ಬಿಚ್ಚಿ, ತಗೋ ನಿನ್ನ ಗೆಜ್ಜೆ, ನಾನು ಕದ್ದವಳಲ್ಲ ಕೊಡಲು ಬಂದವಳು ಎಂದು ನೆಲಕ್ಕೆ ಸುರಿದರೆ ಅವಳ ಮಾನ ಅವಳಿಗೆ ಉಳಿಯುತ್ತದೆ. ಹುಡುಗಿ ಸುಳ್ಳುಬುರುಕಿಯಾಗುತ್ತಾಳೆ, ಸೋಮವಾರದೊಳಗೆ ಆ ಕೆಂಪು ದಾರ ಅಕ್ಕಸಾಲಿಗನ ಕುಲುಮೆಯಲ್ಲಿ ಚಿಟಿಕೆ ಬೂದಿ. ಬಿಚ್ಚದಿದ್ದರೆ ತಾನು ಕಳ್ಳಿ. ಅಷ್ಟಕ್ಕೂ ಮಾಲು ಸೊಂಟದಲ್ಲೇ ಇದೆ.

ಶಾಂಭವಿ ಗೋಡೆಗೊರಗಿ ನಿಂತಿದ್ದಳು. ಅಳುತ್ತಿರಲಿಲ್ಲ. ಕಣ್ಣು ಅಜ್ಜಿಯ ಸೊಂಟದ ಸಂಚಿಯ ಮೇಲಿತ್ತು.

"ನೀವು ನೋಡ್ಲಿಲ್ವಾ ಹಂಗಾದ್ರೆ, ಆ ಗೆಜ್ಜೆನ?" ವಾಣಿ ಮೆಲ್ಲಗೆ ಕೇಳಿದಳು. ಕೇಳದೆ ಬಿಡುವುದೂ ಅವಳಿಗೆ ಕಷ್ಟವಾಗಿತ್ತು.

"ಮಗು ಕಳೆದೋಯ್ತು ಅಂತು ಅಂದ್ಮೇಲೆ ಮುಗೀತಲ್ಲವ್ವ. ಇನ್ನೊಬ್ಬರನ್ನ ಯಾಕ್ ಕೇಳ್ತೀಯ?" ಎಂದಳು ವೀರಮ್ಮ. ಅದು ಸುಳ್ಳೋ ನಿಜವೋ ಅವಳಿಗೇ ಗೊತ್ತಾಗಲಿಲ್ಲ.

"ಇವ್ರು ಸಂಜೆ ಬಂದು ಕೇಳಿದ್ರೆ ನಾನೇನ್ ಹೇಳ್ಲಿ?"

"ಮುದುಕಿ ಮನೆ ತನಕ ಬಂದಿದ್ಲು ಅಂತ ಹೇಳು. ಇನ್ನೂ ಏನಾದ್ರೂ ಕೇಳೋದಿದ್ರೆ ಗೇಟಿಗೆ ಬರ್ಲಿ. ನಾನೆಲ್ಲೂ ಓಡಿಹೋಗಲ್ಲ. ಅಲ್ಲೇ ಕೂತಿರ್ತೀನಿ."

ಹೇಳಿದ ಮೇಲೆ ಹೊಳೆಹೊನ್ನೂರು ನೆನಪಾಯಿತು. ಮಾತು ಬಾಯಿಂದ ಆಚೆ ಬಿದ್ದಾಗಿತ್ತು.

ಮಗು ಎದ್ದು ಕಿರುಚಿತು. ಆ ಕಿರುಚಾಟದ ಮರೆಯಲ್ಲಿ ವೀರಮ್ಮ ಸಂಚಿಯನ್ನು ಅಂಗೈಯಿಂದ ಒತ್ತಿ ಹಿಡಿದು ಎದ್ದಳು. ಕೈಚೀಲದ ಎರಡು ಮಾವಿನಕಾಯಿಯನ್ನು ಹೊಸಿಲ ಬಳಿ ಇಟ್ಟು, "ಬಾಣಂತಿ ತಿನ್ಬೇಡ, ಗಂಡನಿಗೆ ಚಿತ್ರಾನ್ನ ಮಾಡ್ಕೊಡು" ಎಂದಳು.

"ಬಸ್‌ಸ್ಟಾಪ್ ತೋರಿಸಿ ಬರ್ತೀನಿ" ಎಂದು ಶಾಂಭವಿ ಚಪ್ಪಲಿ ಮೆಟ್ಟಿ ಹಿಂದೆ ಓಡಿಬಂದಳು.

ಇಬ್ಬರೂ ಹೂವಿನವಳ ಕಟ್ಟೆ ದಾಟಿದರು. ನಡೆಯುವಾಗ ಸೊಂಟದಲ್ಲಿ ಸಣ್ಣಗೆ ಝಲ್ ಝಲ್ ಎನ್ನುತ್ತಿತ್ತು. ಹುಡುಗಿ ಅದನ್ನೇ ಕೇಳಿಸಿಕೊಂಡು ಹೆಜ್ಜೆ ಹಾಕುತ್ತಿದ್ದಳು.

"ಹೊಟ್ಟೆನೋವಾ ನಿಂಗೆ?" ಎಂದಳು ವೀರಮ್ಮ.

"ಇಲ್ಲ."

"ಮತ್ತೆ ಕೊನೇ ದಿನ ಯಾಕ್ ಬರ್ಲಿಲ್ವೇ?"

"ಬಂದಿದ್ರೆ ನೀನು ವಾಪಸ್ ಕೊಟ್ಬಿಡ್ತಿದ್ದೆ."

ವೀರಮ್ಮ ನಿಂತಳು. ಇಪ್ಪತ್ತೆರಡು ವರ್ಷ ಮಕ್ಕಳನ್ನು ಕಳಿಸಿ ಕಳಿಸಿ ಎಂದು ಗಂಟಲು ಹರಿದುಕೊಂಡವಳಿಗೆ ಬಾರದೆ ಉಳಿಯುವುದಕ್ಕೂ ಇಂಥ ಕಾರಣವೊಂದು ಇರಬಹುದೆಂದು ತೋಚಿರಲಿಲ್ಲ.

"ನಿಮ್ಮ ಚಿಕ್ಕಮ್ಮ ಒಳ್ಳೆಯೋಳು ಕಣೇ. ಹೊಸ ಗೆಜ್ಜೆ ಮಾಡಿಸ್ತೀನಿ ಅಂತಿದಾಳೆ."

"ಒಳ್ಳೆಯೋರೇ. ನಾನೇನೂ ಅಂದಿಲ್ಲ." ಹುಡುಗಿ ಚಪ್ಪಲಿಯ ತುದಿಯಿಂದ ಮಣ್ಣು ಕೆದಕಿದಳು. "ಅದ್ರಲ್ಲಿ ದಾರ ಇದ್ಯಲ್ಲ ಅಜ್ಜಿ, ಅಮ್ಮ ಆಸ್ಪತ್ರೇಲಿ ಕಟ್ಟಿದ್ದು. ಕತ್ತರಿ ಇರ್ಲಿಲ್ಲ, ಬಾಯಲ್ಲೇ ಕಚ್ಚಿದ್ಲು. ಹೊಸದ್ರಲ್ಲಿ ಅದು ಇರಲ್ಲ."

"ನಿಮ್ಮಪ್ಪನಿಗೆ ಹೇಳ್ಬಾರ್ದಾ ಇದನ್ನ?"

"ಹೇಳಿದ್ರೆ ಅಪ್ಪ ಅಳ್ತಾರೆ. ಆಮೇಲೆ ಚಿಕ್ಕಮ್ಮ ಊಟ ಮಾಡಲ್ಲ."

ವೀರಮ್ಮ ಸೆರಗಿನ ತುದಿಯಿಂದ ಹುಡುಗಿಯ ಹಣೆಯ ಬೆವರು ಒರೆಸಿದಳು.

"ನಿನ್ನ ಕಳ್ಳಿ ಅಂತ ಅಪ್ಪ ಅಂದಾಗ ನಾನು ಅಲ್ಲ ಅಂತ ಹೇಳ್ದೆ ಅಜ್ಜಿ. ಜೋರಾಗೇ ಹೇಳ್ದೆ."

"ಹೇಳಿದ್ದೆ ತಾನೆ? ಸಾಕು ಬಿಡು."

"ನಾನು ದೊಡ್ಡೋಳಾದ್ಮೇಲೆ ಬಂದು ತಗೋತೀನಿ. ಒಬ್ಳೇ ಬಸ್ಸಲ್ಲಿ ಬರೋಕೆ ಬಿಟ್ಟಾಗ. ನೀನು ಅಲ್ಲೇ ಇರ್ತೀಯಲ್ಲ? ಕಂಬದ ಹತ್ರ?"

ಹೊಳೆಹೊನ್ನೂರಿನ ವಿಳಾಸ ಹೇಳಬಹುದಿತ್ತು. ಆದರೆ ಆ ಮಗು ಯಾರನ್ನು ಕೇಳಿ, ಯಾವ ಬಸ್ಸು ಹತ್ತಿ ಅಲ್ಲಿಗೆ ಬಂದೀತು? ಚೀಟಿಯಲ್ಲಿ ಬರೆದುಕೊಟ್ಟರೆ ಆ ಚೀಟಿ ಮೊದಲು ಅಪ್ಪನ ಕೈಗೆ ಸಿಕ್ಕೀತು. ಆ ಹುಡುಗಿಗೆ ಗೊತ್ತಿದ್ದ ವಿಳಾಸ ಒಂದೇ. ಗೇಟಿನ ಎಡಕ್ಕೆ, ಕಂಬದಿಂದ ಎರಡು ಮಾರು.

"ಇರದೆ ಇನ್ನೆಲ್ಲಿಗೆ ಹೋಗ್ತೀನಿ ಮಾರಾಯ್ತಿ" ಎಂದಳು ವೀರಮ್ಮ.

ಬಸ್ಸು ಬಂತು. ಹತ್ತಿದ ಮೇಲೆ, ತನ್ನ ಹೆಸರನ್ನಾದರೂ ಹೇಳಬೇಕಿತ್ತು ಎನಿಸಿತು. ಕಿಟಕಿಯಲ್ಲಿ ಬಗ್ಗಿ ನೋಡುವಾಗ ಹುಡುಗಿ ಆಗಲೇ ಓಡುತ್ತಿದ್ದಳು.

ಅದೇ ಸಂಜೆ ಜಯಶೀಲಾಳ ಫೋನು ಬಂತು. "ದೊಡ್ಡಮ್ಮ, ಗಂಟುಮೂಟೆ ಕಟ್ಟಿದ್ಯಾ?"

"ಈ ವರ್ಷ ಆಗಲ್ಲ ಕಣೇ ಜಯಾ."

"ಯಾಕೆ? ಏನಾಯ್ತು?"

ಹೇಳಿದರೆ ಗೆಜ್ಜೆಯ ಸುದ್ದಿ ಬಾಯಿಂದ ಬಾಯಿಗೆ ಬೀಳುತ್ತದೆ. "ಒಬ್ಬರು ಬರೋರಿದಾರೆ" ಎಂದಳು ವೀರಮ್ಮ.

"ನಿಂಗೆ? ಯಾರು ದೊಡ್ಡಮ್ಮ ನಿಂಗೆ ಬರೋರು?" ಜಯಶೀಲಾ ಚುಚ್ಚಬೇಕೆಂದು ಕೇಳಿದ್ದಲ್ಲ. ಆದರೂ ಚುಚ್ಚಿತು. "ಆಯ್ತು ಬಿಡು. ಬಣ್ಣ ಹೊಡೆಸಿದ್ದೆ ಮೂಲೆಮನೆಗೆ. ಮಗನಿಗೆ ಓದ್ಕೊಳ್ಳೋಕೆ ಕೊಡ್ತೀನಿ ಹಂಗಾದ್ರೆ" ಎಂದು ಫೋನಿಟ್ಟಳು. ಮತ್ತೆ ಅವಳು ಬಾ ಎಂದು ಕರೆಯಲಿಲ್ಲ.

ಹನ್ನೊಂದನೇ ತಾರೀಖು ವೀರಮ್ಮ ಎಂದಿನಂತೆ, ಮನೆಯಲ್ಲಿದ್ದ ಇನ್ನೊಂದು ಬುಟ್ಟಿ ಹೊತ್ತು ಗೇಟಿಗೆ ಬಂದಳು. ಗೇಟಿಗೆ ಬೀಗ. ಒಳಗೆ ಭೈರಪ್ಪ ನೀಲಿ ಗೋಡೆಯನ್ನು ತೆಂಗಿನ ನಾರಿನಲ್ಲಿ ತಿಕ್ಕುತ್ತಿದ್ದ.

"ಅಜ್ಜಿ, ರಜಾ ಕಣೆ. ಯಾರಿಗ್ ಮಾರ್ತೀಯ, ಕಾಗೆಗಾ?"

"ನೀನ್ ಗೋಡೆ ತಿಕ್ಕು."

"ಕೊಟ್ಟು ಬಂದ್ಯಾ ಅದನ್ನ?"

ವೀರಮ್ಮ ಗೋಣಿಚೀಲ ಹಾಸಿದಳು. ಬುಟ್ಟಿ ಇಳಿಸಿದಳು. ಸ್ಟೂಲಿನಡಿಯಿಂದ ಡಬ್ಬವನ್ನು ಗೇಟಿನ ಸರಳಿನ ಸಂದಿಯಿಂದ ಈಚೆಗೆ ಎಳೆದುಕೊಂಡಳು. ಭೈರಪ್ಪ ಎರಡನೇ ಸಲ ಕೇಳಲಿಲ್ಲ. ಅವನು ಡಬ್ಬದ ಕಡೆ ನೋಡಿದ್ದನ್ನೂ, ನೋಡಿ ಕಣ್ಣು ತಪ್ಪಿಸಿದ್ದನ್ನೂ ಅವಳು ಕಂಡಳು. ಇವನೂ ಹಾಗೆ ತಿಳಿದನೇ? ತಿಳಿದುಕೊಳ್ಳಲಿ. ಅಂದುಕೊಳ್ಳುವುದು ಸುಲಭ, ಆದರೆ ಆವತ್ತು ತಂದಿದ್ದ ಬುತ್ತಿಯನ್ನು ಅವಳು ಕಾಗೆಗೇ ಹಾಕಿದಳು.

ರುದ್ರೇಶ ಬರಬಹುದೆಂದು ಅವಳು ಇಡೀ ರಜೆ ಕಾದಳು. ರಸ್ತೆಯಲ್ಲಿ ನೆರಳಿಲ್ಲ, ಕಂಬದ ನೆರಳೇ ಕೈಯಗಲ. ಅದು ಸರಿದಂತೆಲ್ಲ ಗೋಣಿಚೀಲವನ್ನೂ ಸರಿಸಿಕೊಂಡು, ಮಧ್ಯಾಹ್ನ ಅದೂ ಇಲ್ಲವಾದಾಗ ಸೆರಗನ್ನು ತಲೆಗೆ ಎಳೆದುಕೊಂಡು ಕೂರುತ್ತಿದ್ದಳು. ಮಾತಿಗೆ ಒಂದು ಮಗುವಿಲ್ಲ. ಮೇ ತಿಂಗಳ ಒಂದು ಬೆಳಿಗ್ಗೆ ಅವನ ಬೈಕು ಬಂತು. ಹೆಲ್ಮೆಟ್ಟು ತೆಗೆಯದೆ, ಎಂಜಿನ್ ಆರಿಸದೆ, ರಸ್ತೆಯ ಆಚೆ ಬದಿಯಲ್ಲಿ ಕಾಲೂರಿ ನಿಂತ. ಶಾಲೆಯ ಟಿ.ಸಿ. ತೆಗೆದುಕೊಳ್ಳಲು ಬಂದಿದ್ದನೇನೋ, ಕೈಯಲ್ಲಿ ಒಂದು ಕಾಗದವಿತ್ತು. ವೀರಮ್ಮ ಅವನನ್ನೇ ದಿಟ್ಟಿಸಿದಳು. ಕಣ್ಣು ಕೆಳಗಿಳಿಸಲಿಲ್ಲ. ಬಂದು ಕೇಳಿದ್ದರೆ ಏನು ಹೇಳುತ್ತಿದ್ದಳೋ ಅವಳಿಗೂ ಗೊತ್ತಿರಲಿಲ್ಲ, ಆದರೂ ಬಂದು ಕೇಳಲಿ ಎಂದು ಜೀವ ಬಡಿದುಕೊಳ್ಳುತ್ತಿತ್ತು. ಆ ದೊಡ್ಡವರ ಮನೆಯವರ ಹಾಗೆಯೇ ಅವನೂ ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತು ನೋಡಿ, ಕಾಗದವನ್ನು ಅಂಗಿಯ ಜೇಬಿಗೆ ತುರುಕಿ ಹೊರಟುಹೋದ.

ಜೂನ್ ಬಂತು, ಮಕ್ಕಳು ಬಂದರು. ಬಳೆ, ಬುಗುರಿ, ಟೇಪು ಮತ್ತೆ ಡಬ್ಬ ತುಂಬಿದವು. ಗೆಜ್ಜೆಯನ್ನು ಅವಳು ಡಬ್ಬದಲ್ಲಿಡಲಿಲ್ಲ. ಹಳೆಯ ಸೀರೆಯ ಚೂರಿನಲ್ಲಿ ಸದ್ದಾಗದಂತೆ ಸುತ್ತಿ ಸಂಚಿಯಲ್ಲೇ ಇಟ್ಟುಕೊಂಡಳು, ಎಲೆ ಅಡಿಕೆ ಬೇರೆ ಚೀಲಕ್ಕೆ ಹೋಯಿತು. ಸ್ನಾನಕ್ಕೆ ಹೋಗುವಾಗಲೂ ಸಂಚಿ ಕಣ್ಣಳತೆಯಲ್ಲಿರಬೇಕು. ದಿನಕ್ಕೊಮ್ಮೆ ಬಿಚ್ಚಿ ಕೆಂಪು ದಾರ ಸಡಿಲವಾಗಿದೆಯೇ ಎಂದು ನೋಡುವುದು ರೂಢಿಯಾಯಿತು.

ಮತ್ತೆ ಶಿವರಾತ್ರಿ ಕಳೆದು, ಮಾವಿನಕಾಯಿ ಬಂದು, ಏಪ್ರಿಲ್ ಬಂತು. ಗೇಟಿನ ಮುಂದೆ ಸ್ಕೂಟಿಗಳು ನಿಂತವು. ಕಳಿಸಬೇಕೋ ಬೇಡವೋ ಎಂಬ ಅದೇ ತಕರಾರು.

"ಏನಜ್ಜಿ, ಈ ವರ್ಷ ಬಾಯೇ ಬಿಡ್ತಿಲ್ಲ? ಕಳಿಸ್ರಮ್ಮ ತಾಯಿ ಅಂತ ಕೂಗು ನೋಡೋಣ" ಎಂದು ಒಬ್ಬಳು ಕೆಣಕಿದಳು.

ವೀರಮ್ಮ ಹೋಳು ಹೆಚ್ಚುತ್ತಿದ್ದಳು. "ಮಗೂನ ಕೇಳ್ರಮ್ಮ" ಎಂದಳಷ್ಟೆ.

ಹತ್ತನೇ ತಾರೀಖು ಡಬ್ಬ ಖಾಲಿಯಾಯಿತು. ಭೈರಪ್ಪ ಬಕೆಟ್ಟು ಹಿಡಿದು ಬಂದು ಅಭ್ಯಾಸಬಲದಿಂದ ನಿಂತ. ಅವಳು ಡಬ್ಬವನ್ನು ಬೋರಲು ಹಾಕಲಿಲ್ಲ, ತಳ ಬಡಿಯಲಿಲ್ಲ. ಮುಚ್ಚಳ ಒತ್ತಿ ಮುಚ್ಚಿದಳು. ಆ ದಿನದ ಮೊದಲ ಕಾಯಿಯ ಗೊರಟೆಯೊಂದು ಬೆಳಗಿನಿಂದ ಎಲೆಯ ಮೇಲೆ ಉಪ್ಪುಖಾರ ಹಚ್ಚಿಸಿಕೊಂಡು ಕೂತಿತ್ತು. ಯಾರೋ ಹುಡುಗ ಕೇಳಿದ್ದಕ್ಕೆ ಕೊಟ್ಟಿರಲಿಲ್ಲ. ಬಿಸಿಲಿಗೆ ಅದು ಒಣಗಿ ಕಪ್ಪಾಗಿತ್ತು. ವೀರಮ್ಮ ಭದ್ರಾವತಿಯ ಕಡೆಯಿಂದ ಬರುವ ಬಸ್ಸಿನ ಹೊತ್ತು ದಾಟುವವರೆಗೆ ನೋಡಿ, ಅದನ್ನು ತಾನೇ ಬಾಯಿಗಿಟ್ಟುಕೊಂಡು ಗೋಣಿಚೀಲ ಮಡಚಿದಳು.